ಸುರಂಗ ತೋಡದವನ ಐದು ವರ್ಷ

ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ಜರ್ಮನರ ಕೈಗೆ ಸೆರೆ ಸಿಕ್ಕ ಬ್ರಿಟಿಷ್ ಸೈನಿಕರ ಬಗ್ಗೆ ಕೆಲವು ಸಿನಿಮಾ ನೋಡಿದ್ದೇನೆ. ಅವುಗಳಲ್ಲಿ ಕೈದಿಗಳು ನಾಟಕ ಆಡುತ್ತಾರೆ, ಫುಟ್‌ಬಾಲ್ ಆಡುತ್ತಾರೆ, ರಾತ್ರಿಯಾದರೆ ಸುರಂಗ ತೋಡುತ್ತಾರೆ. ನಿಜವಾಗಿಯೂ ಹೀಗೇ ಇತ್ತೇ? 1940ರಲ್ಲೇ ಸಿಕ್ಕಿಬಿದ್ದ ಒಬ್ಬ ಸಾಮಾನ್ಯ ಸಿಪಾಯಿ 1945ರವರೆಗೆ ಏನು ತಿಂದ, ಏನು ಕೆಲಸ ಮಾಡಿದ, ಮನೆಗೆ ಕಾಗದ ಬರೆಯಲು ಆಗುತ್ತಿತ್ತೇ? ಅಷ್ಟೊಂದು ಜನರನ್ನು ಕೊಂದ ಹಿಟ್ಲರನ ಜರ್ಮನಿ ಇವರನ್ನು ಉಳಿಸಿದ್ದಾದರೂ ಯಾಕೆ?

ಉತ್ತರ: ನೀವು ನೋಡಿದ ಸಿನಿಮಾಗಳು ಸುಳ್ಳಲ್ಲ. ಆದರೆ ಅವು ಅಧಿಕಾರಿಗಳ ಕಥೆ, ಅದರಲ್ಲೂ ಬಹುಪಾಲು ವಾಯುಪಡೆಯ ಅಧಿಕಾರಿಗಳ ಕಥೆ. ಸುರಂಗದ ಮಾತು ಬಂದಾಗಲೆಲ್ಲ ಹೆಸರು ಬರುವ ಸ್ಟಾಲಾಗ್ ಲುಫ್ಟ್ 3 ಎಂಬ ವಾಯುಪಡೆ ಕೈದಿಗಳ ಶಿಬಿರವನ್ನೇ ತೆಗೆದುಕೊಳ್ಳಿ. 1944ರ ಮಾರ್ಚ್ 24ರ ರಾತ್ರಿ ಅಲ್ಲಿಂದ 76 ಮಂದಿ ಸುರಂಗದ ಮೂಲಕ ಹೊರಬಿದ್ದರು. 73 ಮಂದಿ ಮತ್ತೆ ಸಿಕ್ಕಿಬಿದ್ದರು. ಅವರಲ್ಲಿ 50 ಮಂದಿಯನ್ನು ಹಿಟ್ಲರನ ಆಜ್ಞೆಯಂತೆ ಗುಂಡಿಟ್ಟು ಕೊಂದರು. ಪೂರ್ತಿ ಪಾರಾದವರು ಮೂವರೇ: ಇಬ್ಬರು ನಾರ್ವೆಯವರು, ಒಬ್ಬ ಹಾಲೆಂಡಿನವನು. ಆ ಮೂವರಲ್ಲಿ ಒಬ್ಬನೂ ಬ್ರಿಟಿಷನಲ್ಲ.

ಸುರಂಗ ತೋಡಲು ಧೈರ್ಯ ಬೇಕು, ಬಿಡುವೂ ಬೇಕು. ಸೆರೆಯಲ್ಲಿದ್ದ ಅಧಿಕಾರಿಗೆ ದುಡಿಮೆ ಇರಲಿಲ್ಲ, ದಿನವಿಡೀ ಅವನದೇ. ಸಿಪಾಯಿಗೆ ಬೆಳಗಾದರೆ ಗುದ್ದಲಿಯೋ ಸಲಿಕೆಯೋ ಕಾಯುತ್ತಿತ್ತು. ಬ್ರಿಟನ್ನಿನ ಸೇನೆಗಳಿಂದ ಜರ್ಮನಿ ಮತ್ತು ಇಟಲಿಗೆ ಸೆರೆ ಸಿಕ್ಕವರು ಸುಮಾರು 1,42,000 ಮಂದಿ. ಅವರಲ್ಲಿ ಬಹುತೇಕರು ಯಾವ ಸಿನಿಮಾದಲ್ಲೂ ಬಾರದ ಈ ಸಿಪಾಯಿಗಳು. ಇಷ್ಟು ವರ್ಷ ಈ ವಿಷಯ ಓದಿಕೊಂಡು ಬಂದ ನನಗೆ ಇದೊಂದು ನೋವಿನ ಸಂಗತಿ. ಹಾಗಾಗಿ ನಿಮ್ಮ ಪ್ರಶ್ನೆಯಲ್ಲಿ 'ಸಾಮಾನ್ಯ ಸಿಪಾಯಿ' ಎಂಬ ಮಾತು ಕಂಡು ಸಂತೋಷವಾಯಿತು. ಅವನನ್ನೇ ಹಿಡಿದು ಹೇಳುತ್ತೇನೆ.

ಫ್ರಾನ್ಸಿನ ಡಂಕರ್ಕ್ ಬಂದರು ಎಂದರೆ ಎಲ್ಲರಿಗೂ ನೆನಪಾಗುವುದು ದೋಣಿ ಹತ್ತಿ ಪಾರಾದವರು. 1940ರ ಜೂನ್ 4ರ ಹೊತ್ತಿಗೆ ಸುಮಾರು 3,38,000 ಸೈನಿಕರು ಸಮುದ್ರ ದಾಟಿದ್ದರು. ಆ ವರ್ಷ ಫ್ರಾನ್ಸಿನಲ್ಲೇ ಉಳಿದು ಸೆರೆಯಾದ ಬ್ರಿಟಿಷರು ಸುಮಾರು 40,000. ಸ್ಕಾಟ್ಲೆಂಡಿನ 51ನೇ ಹೈಲ್ಯಾಂಡ್ ಡಿವಿಷನ್ನಿನ ಕಥೆ ಇನ್ನೂ ಕರುಳು ಹಿಂಡುವಂಥದ್ದು. ಡಂಕರ್ಕ್ ಮುಗಿದ ಮೇಲೂ ಅವರು ಫ್ರೆಂಚರ ಜೊತೆ ನಿಂತು ಹೋರಾಡುತ್ತಿದ್ದರು. ಸೇಂಟ್ ವಲೆರಿ ಎಂಬ ಸಣ್ಣ ಬಂದರಿನಲ್ಲಿ ಹಡಗು ಬರುತ್ತದೆಂದು ಕಾದರು. ಮಂಜು ಕವಿದು ಹಡಗು ದಡಕ್ಕೆ ಬರಲಾಗಲಿಲ್ಲ, ಸುತ್ತಲಿನ ಬಂಡೆಗಳ ಮೇಲೆ ಜರ್ಮನ್ ಜನರಲ್ ರೊಮ್ಮೆಲ್‌ನ ತೋಪುಗಳು ಬಂದು ಕುಳಿತವು. ಜೂನ್ 12ರಂದು ಜನರಲ್ ವಿಕ್ಟರ್ ಫಾರ್ಚೂನ್ ಶರಣಾದರು. ಒಂದೇ ದಿನದಲ್ಲಿ ಸಾವಿರಾರು ಹಳ್ಳಿ ಹುಡುಗರು ಯುದ್ಧಕೈದಿಗಳಾದರು.

ಆಮೇಲೆ ಶುರುವಾದದ್ದು ನಡಿಗೆ. ಉತ್ತರ ಫ್ರಾನ್ಸ್ ದಾಟಿ, ಬೆಲ್ಜಿಯಂ ದಾಟಿ, ಹಾಲೆಂಡಿನ ಕಡೆಗೆ, ಜೂನ್ ತಿಂಗಳ ಬಿಸಿಲಿನಲ್ಲಿ ವಾರಗಟ್ಟಲೆ. ಊಟದ ವ್ಯವಸ್ಥೆ ಎಂಬುದೇ ಇರಲಿಲ್ಲ. ಹೊಲದಲ್ಲಿ ಕಂಡ ಹಸಿ ಆಲೂಗಡ್ಡೆ, ಬೀಟ್‌ರೂಟು, ಹಸಿರು ಸೊಪ್ಪು, ಕೈಗೆ ಸಿಕ್ಕಿದ್ದನ್ನೆಲ್ಲ ಕಿತ್ತು ತಿಂದರು, ತಿಂದು ಭೇದಿ ಹತ್ತಿಸಿಕೊಂಡರು. ಆ ನಡಿಗೆಯಲ್ಲಿದ್ದ ಎಷ್ಟೋ ಮಂದಿ ಬೇರೆ ಬೇರೆಯಾಗಿ ನೆನೆದಿರುವ ದೃಶ್ಯವೊಂದಿದೆ. ಊರೊಳಗೆ ಸಾಲು ಹೋಗುವಾಗ ಫ್ರೆಂಚ್ ಹೆಂಗಸರು ಬಾಗಿಲ ಮುಂದೆ ಬಕೆಟ್ಟಿನಲ್ಲಿ ನೀರು ತಂದಿಡುತ್ತಿದ್ದರು. ಕೈದಿ ಬಗ್ಗಿ ಲೋಟ ಅದ್ದುವುದರೊಳಗೆ ಕಾವಲಿನವನ ಬೂಟು ಬಕೆಟ್ಟನ್ನು ಉರುಳಿಸುತ್ತಿತ್ತು. ಕಾಲ್ನಡಿಗೆ ಮುಗಿದ ಮೇಲೆ ರೈನ್ ನದಿಯಲ್ಲಿ ಕಲ್ಲಿದ್ದಲು ಸಾಗಿಸುವ ದೋಣಿಗಳ ಹೊಟ್ಟೆಯಲ್ಲಿ ತುಂಬಿದರು, ಆಮೇಲೆ ರೈಲಿನ ಗೂಡ್ಸ್ ಡಬ್ಬಿಗಳಲ್ಲಿ. ಆ ಫ್ರೆಂಚ್ ಡಬ್ಬಿಗಳ ಹೊರಗೆ '40 ಮಂದಿ ಅಥವಾ 8 ಕುದುರೆ' ಎಂದು ಬರೆದಿರುತ್ತಿತ್ತು. ತುಂಬುವಾಗ ಆ ಲೆಕ್ಕವನ್ನೂ ನೋಡುತ್ತಿರಲಿಲ್ಲ. ಕೂತುಕೊಳ್ಳಲು ಜಾಗವಿಲ್ಲದೆ ಸರದಿಯಲ್ಲಿ ನಿಂತು, ಸರದಿಯಲ್ಲಿ ಕುಳಿತು, ಎರಡು ಮೂರು ದಿನಗಳ ಪಯಣದ ಮೇಲೆ ಪೋಲೆಂಡಿನಲ್ಲೋ ಆಗ ಜರ್ಮನಿಯದಾಗಿದ್ದ ಸಿಲೀಸಿಯ ಪ್ರಾಂತದಲ್ಲೋ ಇಳಿದರು.

ಇಳಿದ ಜಾಗದ ಹೆಸರು ಸ್ಟಾಲಾಗ್. ಸಿಪಾಯಿಗಳನ್ನಿಡುವ ಮೂಲ ಶಿಬಿರಕ್ಕೆ ಜರ್ಮನರು ಇಟ್ಟ ಹೆಸರಿನ ಚುಟುಕು ರೂಪ ಅದು. ಅಧಿಕಾರಿಗಳ ಶಿಬಿರ ಓಫ್ಲಾಗ್. ಟೊರುನ್ ಊರಿನ ಸ್ಟಾಲಾಗ್ 20ಎ ಎಂಬುದು ಹಳೆಯ ಪ್ರಶ್ಯನ್ ಕೋಟೆಗಳೊಳಗಿತ್ತು. ನೆಲಮಟ್ಟಕ್ಕಿಂತ ತಗ್ಗಿನ, ತೇವ ಜಿನುಗುವ ಕೋಣೆಗಳು. ಬ್ರಿಟಿಷರು ಅತಿ ಹೆಚ್ಚು ಇದ್ದ ಶಿಬಿರಗಳಲ್ಲಿ ಒಂದು ಸಿಲೀಸಿಯದ ಲಾಮ್ಸ್‌ಡಾರ್ಫ್, ಅಂದರೆ ಸ್ಟಾಲಾಗ್ 8ಬಿ. ಹೋದ ತಕ್ಷಣ ತಲೆ ಬೋಳಿಸುವುದು, ಹೇನು ಸಾಯಲು ಬಟ್ಟೆಯನ್ನು ಹಬೆಗೆ ಹಾಕುವುದು, ಎದೆಯ ಮೇಲೆ ನಂಬರಿನ ಹಲಗೆ ಹಿಡಿಸಿ ಫೋಟೊ ತೆಗೆಯುವುದು, ಕೊರಳಿಗೆ ಒಂದು ತಗಡಿನ ಬಿಲ್ಲೆ. ಅಲ್ಲಿಂದ ಮುಂದೆ ಜರ್ಮನರ ಲೆಕ್ಕದಲ್ಲಿ ಅವನೊಂದು ನಂಬರು. ಬೂಟು ಸವೆದವರಿಗೆ ಮರದ ಪಾದರಕ್ಷೆ ಸಿಕ್ಕಿತು, ಕಾಲುಚೀಲದ ಬದಲು ಕಾಲಿಗೆ ಸುತ್ತಿಕೊಳ್ಳುವ ಬಟ್ಟೆ ಚೂರು. ಪೋಲೆಂಡ್, ಫ್ರಾನ್ಸ್ ಸೈನ್ಯಗಳ ಹಳೆಯ ಕೋಟುಗಳನ್ನೇ ಹಂಚಿದರು. 1940ರ ಚಳಿಗಾಲವನ್ನು ಬಹಳ ಮಂದಿ ಹೀಗೆ ಯಾರದೋ ಕೋಟು, ಯಾರದೋ ಟೋಪಿಯಲ್ಲಿ ಕಳೆದರು.

ನಿಮ್ಮ ಕೊನೆಯ ಪ್ರಶ್ನೆಗೆ ಇಲ್ಲೇ ಬರುತ್ತೇನೆ, ಯಾಕೆಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಇವರನ್ನು ಉಳಿಸಿದ್ದು ಯುದ್ಧಕೈದಿಗಳನ್ನು ಹೇಗೆ ನಡೆಸಿಕೊಳ್ಳಬೇಕೆಂದು ಹೇಳುವ 1929ರ ಜಿನೀವಾ ಒಪ್ಪಂದ, ಮತ್ತು ಆ ಒಪ್ಪಂದದ ಬೆನ್ನಿಗಿದ್ದ ಭಯ. ಬ್ರಿಟನ್ ಮತ್ತು ಜರ್ಮನಿ ಎರಡೂ ಅದಕ್ಕೆ ಒಪ್ಪಿದ್ದವು. ಜರ್ಮನ್ ಸೈನಿಕರೂ ಬ್ರಿಟಿಷರ ಕೈಯಲ್ಲಿ ಸೆರೆಯಿದ್ದರು. ನೀನು ನಮ್ಮವರನ್ನು ಹೇಗೆ ನೋಡಿಕೊಳ್ಳುತ್ತೀಯೋ ನಿನ್ನವರಿಗೂ ಹಾಗೇ ಎಂಬ ಲೆಕ್ಕ ಎರಡೂ ಕಡೆ ಕೆಲಸ ಮಾಡಿತು. ಉತ್ತರ ಆಫ್ರಿಕಾದಲ್ಲಿ ಬ್ರಿಟಿಷರಿಗೆ ಸಿಕ್ಕ ಇಟಾಲಿಯನ್ನರನ್ನು ನಮ್ಮ ಬೆಂಗಳೂರಿನ ಜಾಲಹಳ್ಳಿ ಕಡೆಯ ಶಿಬಿರಗಳಿಗೆ ತಂದಿಟ್ಟಿದ್ದರಲ್ಲ, ಅವರಿಗೂ ಅನ್ವಯಿಸುತ್ತಿದ್ದದ್ದು ಇದೇ ಒಪ್ಪಂದ. ಒಪ್ಪಂದದ ಹೊರಗಿದ್ದವರ ಗತಿ ನೋಡಿದರೆ ಅದರ ಬೆಲೆ ತಿಳಿಯುತ್ತದೆ. ಸೋವಿಯತ್ ಒಕ್ಕೂಟ ಸಹಿ ಹಾಕಿರಲಿಲ್ಲ, ಜರ್ಮನರು ಅದನ್ನೇ ನೆಪ ಮಾಡಿಕೊಂಡರು. ಜರ್ಮನರ ಕೈಗೆ ಸಿಕ್ಕ ಸುಮಾರು 57 ಲಕ್ಷ ಸೋವಿಯತ್ ಸೈನಿಕರಲ್ಲಿ 33 ಲಕ್ಷದಷ್ಟು ಮಂದಿ ಸತ್ತರು. ಲಾಮ್ಸ್‌ಡಾರ್ಫಿನಲ್ಲಿ ಬ್ರಿಟಿಷರ ಶಿಬಿರದ ಪಕ್ಕದಲ್ಲೇ ಸೋವಿಯತ್ ಕೈದಿಗಳ ಶಿಬಿರವಿತ್ತು. ಅಲ್ಲಿನ ಗುಂಡಿಗಳಲ್ಲಿ ಸುಮಾರು 40,000 ಮಂದಿಯನ್ನು ಹೂಳಲಾಗಿದೆ. ಬ್ರಿಟಿಷ್ ಕೈದಿಗಳಲ್ಲಿ ಸತ್ತವರು ಸುಮಾರು 7,300, ಅಂದರೆ ನೂರಕ್ಕೆ ಐದು. ಜಪಾನೀಯರ ಕೈಗೆ ಸಿಕ್ಕ ಬ್ರಿಟಿಷರಲ್ಲಿ ನಾಲ್ವರಿಗೆ ಒಬ್ಬ ಸತ್ತ. ಜಪಾನ್ ಸಹಿ ಹಾಕಿತ್ತು, ಆದರೆ ಅದನ್ನು ಅನುಮೋದಿಸಿರಲಿಲ್ಲ. ಒಂದು ಕಾಗದ ಏನು ಮಾಡೀತು ಎಂದು ಕೇಳುವವರಿಗೆ ನಾನು ಈ ಅಂಕಿಗಳನ್ನೇ ತೋರಿಸುತ್ತೇನೆ.

ಇದೇ ಒಪ್ಪಂದ ಸಿಪಾಯಿಯನ್ನು ದುಡಿಸಲೂ ಅನುಮತಿ ಕೊಟ್ಟಿತ್ತು. ಅಧಿಕಾರಿಯನ್ನು ದುಡಿಸುವಂತಿಲ್ಲ, ಸಾರ್ಜೆಂಟು ಕಾರ್ಪೊರಲ್ಲುಗಳಿಗೆ ಮೇಸ್ತ್ರಿ ಕೆಲಸ ಮಾತ್ರ ಹೇಳಬಹುದು, ಮೈ ಗಟ್ಟಿಯಿರುವ ಸಿಪಾಯಿ ದುಡಿಯಲೇಬೇಕು. ಹೀಗಾಗಿ ಸೆರೆಯಲ್ಲಿ ಎಷ್ಟೋ ಸಿಪಾಯಿಗಳು ತಮಗೆ ತಾವೇ ಬಡ್ತಿ ಕೊಟ್ಟುಕೊಂಡು ತೋಳಿಗೆ ಪಟ್ಟಿ ಹೊಲಿದುಕೊಂಡರು. ಕೆಲಸಕ್ಕೆ ಒಲ್ಲೆನೆಂದ ಇಂಥ ಸಾರ್ಜೆಂಟುಗಳನ್ನು, ನಿಜದವರನ್ನೂ ಪಟ್ಟಿ ಹೊಲಿದುಕೊಂಡವರನ್ನೂ ಸೇರಿಸಿ, ಬವೇರಿಯದ ಹೋಹೆನ್‌ಫೆಲ್ಸ್‌ನ ಸ್ಟಾಲಾಗ್ 383ಕ್ಕೆ ಕಳಿಸಿದರು. ಉಳಿದವರು ಸ್ಟಾಲಾಗಿನಲ್ಲಿ ಇದ್ದದ್ದೇ ಕಡಿಮೆ. ಅವರ ಬದುಕು ಕಳೆದದ್ದು ದುಡಿಮೆ ತಂಡಗಳಲ್ಲಿ. ಹತ್ತು ಮಂದಿಯ ತಂಡವೂ ಇತ್ತು, ಸಾವಿರ ಮಂದಿಯದೂ ಇತ್ತು. ಸ್ಟಾಲಾಗ್ ಎಂಬುದು ಅವರ ಹೆಸರು ದಾಖಲಾದ ಕಚೇರಿಯಂತೆ. ಅವರು ಮಲಗುತ್ತಿದ್ದದ್ದು ಯಾವುದೋ ಹಳ್ಳಿಯ ಕೊಟ್ಟಿಗೆಯಲ್ಲಿ, ಇಟ್ಟಿಗೆ ಗೂಡಿನ ಪಕ್ಕದ ಷೆಡ್ಡಿನಲ್ಲಿ, ಕಿಟಕಿಗೆ ಮುಳ್ಳುತಂತಿ ಹೊಡೆದ ಹಳೆಯ ಛತ್ರದಲ್ಲಿ.

ಯಾವ ಕೆಲಸ ಸಿಗುತ್ತದೆ ಎಂಬುದೇ ಅದೃಷ್ಟ. ರೈತನ ಹೊಲಕ್ಕೆ ಹೋದವನು ಬದುಕಿದ. ಆಲೂಗಡ್ಡೆ ಕೀಳುವ ಕೆಲಸ ಬೆನ್ನು ಮುರಿಯುತ್ತದೆ, ಆದರೆ ಜೇಬಿಗೆ ಎರಡು ಆಲೂಗಡ್ಡೆ ಇಳಿಯುತ್ತವೆ. ಕೊಟ್ಟಿಗೆಯಲ್ಲಿ ಒಂದು ಮೊಟ್ಟೆ ಸಿಗಬಹುದು. ರೈತನ ಹೆಂಡತಿ ಕಣ್ಣು ತಪ್ಪಿಸಿ ಒಂದು ಬಟ್ಟಲು ಗಂಜಿ ಕೊಟ್ಟಾಳು. ಕಲ್ಲು ಗಣಿ, ರೈಲು ಹಳಿ, ಸಕ್ಕರೆ ಕಾರ್ಖಾನೆ ಅದಕ್ಕಿಂತ ಕಷ್ಟ. ಎಲ್ಲಕ್ಕಿಂತ ಹೆದರುತ್ತಿದ್ದದ್ದು ಸಿಲೀಸಿಯದ ಕಲ್ಲಿದ್ದಲು ಗಣಿಗೆ. ಹೊಟ್ಟೆಗಿಲ್ಲದ ಮೈ, ನೆಲದೊಳಗೆ ದಿನಗಟ್ಟಲೆ ದುಡಿಮೆ, ಎಷ್ಟೋ ಕಡೆ ವಾರದ ರಜೆಗೂ ಕತ್ತರಿ. ತಾನಾಗಿ ಕೈಯ ಮೇಲೆ ಕಲ್ಲು ಹಾಕಿಕೊಂಡು ಗಣಿಯಿಂದ ತಪ್ಪಿಸಿಕೊಂಡವರಿದ್ದಾರೆ.

ಇ715 ಎಂಬ ತಂಡದ ವಿಷಯ ಬೇರೆಯೇ ಹೇಳಬೇಕು. ಆ ಬ್ರಿಟಿಷ್ ಕೈದಿಗಳನ್ನು ಕಳಿಸಿದ್ದು ನಾಜಿಗಳು ಯಹೂದಿಗಳನ್ನು ಕೊಲ್ಲುತ್ತಿದ್ದ ಆಶ್ವಿಟ್ಸ್ ಶಿಬಿರದ ಪಕ್ಕದ ಮೊನೊವಿಟ್ಸ್‌ಗೆ, ಐ.ಜಿ. ಫಾರ್ಬೆನ್ ಎಂಬ ರಾಸಾಯನಿಕ ಕಂಪನಿ ಕಟ್ಟುತ್ತಿದ್ದ ಕಾರ್ಖಾನೆಗೆ. ಅದೇ ಕಾರ್ಖಾನೆಯಲ್ಲಿ ಪಟ್ಟೆ ಬಟ್ಟೆಯ ಯಹೂದಿ ಕೈದಿಗಳು ದುಡಿದು ಸಾಯುತ್ತಿದ್ದದ್ದನ್ನು ಇವರು ದಿನವೂ ಕಣ್ಣಾರೆ ಕಂಡರು. 1944ರ ಆಗಸ್ಟ್ 20ರಂದು ಅಮೆರಿಕನ್ ವಿಮಾನಗಳು ಆ ಕಾರ್ಖಾನೆಗೆ ಬಾಂಬು ಹಾಕಿದಾಗ ಇವರಲ್ಲಿ 38 ಮಂದಿ ಸತ್ತರು. ಯುದ್ಧ ಮುಗಿದ ಮೇಲೆ ನ್ಯೂರೆಂಬರ್ಗಿನಲ್ಲಿ ಐ.ಜಿ. ಫಾರ್ಬೆನ್ ವಿಚಾರಣೆ ನಡೆದಾಗ ಈ ತಂಡದ ಕೆಲವರು ಸಾಕ್ಷಿ ಹೇಳಿದರು. ಕಂಪನಿಯವರು 'ನಮಗೆ ಗೊತ್ತಿರಲಿಲ್ಲ' ಎನ್ನುತ್ತಿದ್ದ ಹೊತ್ತಿನಲ್ಲಿ, ಊರಿಗೇ ಗೊತ್ತಿತ್ತು ಎಂದು ಹೇಳಿದ್ದು ಈ ಸಿಪಾಯಿಗಳು.

ಈಗ ಊಟದ ವಿಷಯ. ಕೈದಿಗಳು ಬರೆದಿಟ್ಟ ದಿನಚರಿಗಳನ್ನು ಓದಿದವರಿಗೆ ಗೊತ್ತು, ಅವುಗಳಲ್ಲಿ ಯುದ್ಧದ ಸುದ್ದಿಗಿಂತ ಊಟದ ಸುದ್ದಿ ಹೆಚ್ಚು. ತನ್ನ ಸ್ವಂತ ಪಾಳಯದ ಸೈನಿಕನಿಗೆ ಕೊಡುವಷ್ಟೇ ಆಹಾರವನ್ನು ಕೈದಿಗೂ ಕೊಡಬೇಕೆಂದು ಒಪ್ಪಂದ ಹೇಳುತ್ತದೆ. ಕೊಟ್ಟದ್ದು ಬೆಳಿಗ್ಗೆ ಓಕ್ ಬೀಜವನ್ನೋ ಬಾರ್ಲಿಯನ್ನೋ ಹುರಿದು ಕುದಿಸಿದ 'ಕಾಫಿ', ಮಧ್ಯಾಹ್ನ ಗಡ್ಡೆ ತೇಲುವ ನೀರು ಸಾರು, ಕೆಲವು ಆಲೂಗಡ್ಡೆ, ಐದಾರು ಮಂದಿಗೆ ಒಂದು ಕಪ್ಪು ಬ್ರೆಡ್ಡು. ಆ ಬ್ರೆಡ್ಡನ್ನು ಹಂಚುವುದು ಒಂದು ವ್ರತದ ಹಾಗೆ ನಡೆಯುತ್ತಿತ್ತು. ಕತ್ತರಿಸುವವನನ್ನು ಎಲ್ಲರೂ ಸುತ್ತುವರಿದು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದರು. ತುಂಡಾದ ಮೇಲೆ ಇಸ್ಪೀಟು ಎಲೆ ಎತ್ತಿ ಯಾರು ಮೊದಲು ಆರಿಸಬೇಕೆಂದು ತೀರ್ಮಾನ. ಕತ್ತರಿಸಿದವನಿಗೆ ಕೊನೆಯ ತುಂಡು, ಹಾಗಾಗಿ ಅವನ ಕೈ ಅಳತೆ ತಪ್ಪುತ್ತಿರಲಿಲ್ಲ. ಉದುರಿದ ಚೂರುಗಳಿಗೂ ಸರದಿ ಇತ್ತು.

ಇವರ ಜೀವ ಉಳಿಸಿದ್ದು ರೆಡ್‌ಕ್ರಾಸ್ ಪಾರ್ಸೆಲ್. ಇದನ್ನು ನಾನು ಉತ್ಪ್ರೇಕ್ಷೆಯಿಂದ ಹೇಳುತ್ತಿಲ್ಲ, ಬದುಕಿ ಬಂದವರೆಲ್ಲರೂ ಹೇಳಿದ ಮಾತು. ಐದು ಕಿಲೋ ತೂಗುವ ಒಂದು ರಟ್ಟಿನ ಪೆಟ್ಟಿಗೆ. ಅದರೊಳಗೆ ಟೀ ಪುಡಿ, ಸಕ್ಕರೆ, ಮಂದ ಹಾಲಿನ ಡಬ್ಬಿ, ಬಿಸ್ಕೆಟ್, ಮಾಂಸದ ಡಬ್ಬಿ, ಮಾರ್ಗರೀನ್, ಜಾಮ್, ಚಾಕಲೇಟು, ಒಂದು ಸೋಪು. ಬ್ರಿಟನ್ನಿನ ರೆಡ್‌ಕ್ರಾಸ್ ಯುದ್ಧಕಾಲದಲ್ಲಿ ಸುಮಾರು ಎರಡು ಕೋಟಿ ಇಂಥ ಪೆಟ್ಟಿಗೆಗಳನ್ನು ಕಳಿಸಿತು. ಹಡಗಿನಲ್ಲಿ ಲಿಸ್ಬನ್, ಅಲ್ಲಿಂದ ಮೆಡಿಟರೇನಿಯನ್ ಬಂದರುಗಳ ಮೂಲಕ ಜಿನೀವಾ, ಅಲ್ಲಿಂದ ರೈಲಿನಲ್ಲಿ ಶಿಬಿರಗಳಿಗೆ. ವಾರಕ್ಕೊಬ್ಬನಿಗೆ ಒಂದು ಎಂಬುದು ಲೆಕ್ಕ. 1940ರ ಕೈದಿ ತನ್ನ ಮೊದಲ ಪಾರ್ಸೆಲ್ಲನ್ನು ಕಾಣುವುದಕ್ಕೆ ತಿಂಗಳುಗಟ್ಟಲೆ ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡು ಕಾಯಬೇಕಾಯಿತು, ಬಂದಾಗಲೂ ಒಂದನ್ನು ಹಲವರು ಹಂಚಿಕೊಂಡರು. 1941ರ ನಂತರ ಬರವು ಸರಿಹೋಯಿತು. 1944ರ ಕೊನೆಗೆ ರೈಲು ಹಳಿಗಳ ಮೇಲೆ ಬಾಂಬು ಬೀಳತೊಡಗಿದಾಗ ಮತ್ತೆ ಬತ್ತಿತು.

ಪೆಟ್ಟಿಗೆ ಖಾಲಿಯಾದ ಮೇಲೂ ಅದರ ಕೆಲಸ ಮುಗಿಯುತ್ತಿರಲಿಲ್ಲ. ಕೆನಡಾದ ಪಾರ್ಸೆಲ್‌ನಲ್ಲಿ 'ಕ್ಲಿಮ್' ಎಂಬ ಹಾಲಿನ ಪುಡಿಯ ದೊಡ್ಡ ಡಬ್ಬಿ ಇರುತ್ತಿತ್ತು. ಇಂಗ್ಲಿಷಿನ ಮಿಲ್ಕ್ ಎಂಬ ಪದದ ಅಕ್ಷರಗಳನ್ನು ತಿರುಗಾಮುರುಗ ಮಾಡಿ ಇಟ್ಟ ಹೆಸರು. ಆ ತಗಡಿನಿಂದ ಕೈದಿಗಳು ಊದುಒಲೆ ಮಾಡಿಕೊಂಡರು. ಒಂದು ಹಲಗೆಯ ಮೇಲೆ ಒಂದು ತುದಿಗೆ ಬೆಂಕಿಯ ಡಬ್ಬಿ, ಇನ್ನೊಂದು ತುದಿಗೆ ಡಬ್ಬಿಯೊಳಗೆ ತಗಡಿನ ರೆಕ್ಕೆಗಳ ಚಕ್ರ, ಎರಡರ ನಡುವೆ ಗಾಳಿ ಹೋಗಲು ತಗಡಿನ ಕೊಳವೆ. ಪಕ್ಕದಲ್ಲಿ ಕೈ ಹಿಡಿಕೆಯ ದೊಡ್ಡ ಗಾಲಿ, ಅದರಿಂದ ರೆಕ್ಕೆಗೆ ಬೂಟಿನ ಲೇಸೇ ಬೆಲ್ಟು. ಹಿಡಿಕೆ ತಿರುವಿದರೆ ರೆಕ್ಕೆ ಗಿರ್ರೆಂದು ತಿರುಗಿ, ನಮ್ಮ ಕಮ್ಮಾರರ ತಿದಿಯ ಹಾಗೆ ಬೆಂಕಿಗೆ ಗಾಳಿ ಊದುತ್ತದೆ. ಒಂದು ಹಿಡಿ ಕಡ್ಡಿ, ರಟ್ಟಿನ ಚೂರು, ಮಂಚದ ಹಲಗೆಯ ಸಿಬಿರು ಇದ್ದರೆ ಕೆಲವೇ ನಿಮಿಷದಲ್ಲಿ ಟೀ ನೀರು ಕುದಿಯುತ್ತಿತ್ತು. ಮ್ಯೂಸಿಯಮ್ಮುಗಳಲ್ಲಿ ಇಂಥ ಒಲೆಗಳು ಇವತ್ತಿಗೂ ಇವೆ. ಬೆಸುಗೆಯಿಲ್ಲದೆ, ತಗಡಿನ ಅಂಚನ್ನು ಒಂದರೊಳಗೊಂದು ಮಡಿಸಿ ಕೂಡಿಸಿದ ಆ ಕೆಲಸ ನೋಡಿದರೆ, ಮಾಡಿದವನು ಊರಲ್ಲಿ ತಗಡಿನ ಕೆಲಸದವನೇ ಇರಬೇಕು ಅನ್ನಿಸುತ್ತದೆ. ಈ ಒಲೆ ಇಬ್ಬರು ಮೂವರ ಜಂಟಿ ಆಸ್ತಿ. ಪಾರ್ಸೆಲ್ ಬಂದರೆ ಒಟ್ಟಿಗೆ ಬಿಚ್ಚಿ, ಒಟ್ಟಿಗೆ ಬೇಯಿಸಿ, ಒಟ್ಟಿಗೆ ಉಣ್ಣುವ ಇಂಥ ಜೋಡಿಗಳೇ ಕೈದಿಯ ಸಂಸಾರ. ಒಬ್ಬ ಜ್ವರ ಬಂದು ಮಲಗಿದರೆ ಇನ್ನೊಬ್ಬ ಅವನ ಪಾಲನ್ನು ಕಾದಿಡುತ್ತಿದ್ದ.

ಪಾರ್ಸೆಲ್ ಬಂದಲ್ಲಿ ಸಂತೆಯೂ ಬಂತು. ಸಿಗರೇಟೇ ನಾಣ್ಯ. ಸ್ಟಾಲಾಗ್ 7ಎ ಶಿಬಿರದಲ್ಲಿ ಕೈದಿಯಾಗಿದ್ದ ರ‍್ಯಾಡ್‌ಫರ್ಡ್ ಎಂಬ ಅರ್ಥಶಾಸ್ತ್ರಜ್ಞ 1945ರಲ್ಲಿ ಈ ಸಂತೆಯ ಬಗ್ಗೆ ಬರೆದ ಲೇಖನ ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಇಂದಿಗೂ ಪಾಠ. ಟೀ ಕುಡಿಯುವ ಇಂಗ್ಲಿಷರಿಗೆ ಕಾಫಿ ಬೇಡ, ಫ್ರೆಂಚರಿಗೆ ಕಾಫಿಯಿಲ್ಲದೆ ಜೀವವಿಲ್ಲ. ಹೀಗಾಗಿ ಇಲ್ಲಿ ಅಗ್ಗಕ್ಕೆ ಕೊಂಡ ಕಾಫಿ ಅಲ್ಲಿ ಒಳ್ಳೆ ಬೆಲೆಗೆ ಹೋಗುತ್ತಿತ್ತು. ಇನ್ನೊಂದು ನಮಗೆ ಹತ್ತಿರದ್ದು. ಆ ಶಿಬಿರದಲ್ಲಿ ಭಾರತೀಯ ಸೈನಿಕರ ವಿಭಾಗವೂ ಇತ್ತು. ಉರ್ದು ಬಲ್ಲ ಒಬ್ಬ ಕೈದಿ ಸಿಖ್ಖರ ಹತ್ತಿರ ಹೋಗಿ ಅವರ ಪಾರ್ಸೆಲ್‌ನ ಮಾಂಸ ಕೊಂಡು, ಬದಲಿಗೆ ಬೆಣ್ಣೆ ಜಾಮು ಕೊಡುತ್ತಿದ್ದ. ಭಾಷೆ ಗೊತ್ತಿದ್ದದ್ದೇ ಅವನ ಬಂಡವಾಳ. ಮಿಕ್ಕವರಿಗೂ ಈ ದಾರಿ ತಿಳಿದ ಮೇಲೆ ಎರಡೂ ಕಡೆಯ ಧಾರಣೆ ಹತ್ತಿರ ಹತ್ತಿರ ಬಂದು ಅವನ ಲಾಭ ಕರಗಿತು. ದುಡಿಮೆ ತಂಡದವರಿಗೆ ಹೊರಗಿನ ಸಂತೆಯೂ ಇತ್ತು. ಜರ್ಮನ್ ಮನೆಗಳಲ್ಲಿ ಒಳ್ಳೆಯ ಸೋಪು, ಚಾಕಲೇಟು ಕಂಡು ವರ್ಷಗಳಾಗಿದ್ದವು. ಒಂದು ಸೋಪಿಗೆ ಒಂದು ಬ್ರೆಡ್ಡು, ಕೆಲವು ಮೊಟ್ಟೆ ಬರುತ್ತಿದ್ದವು. ಕಾವಲಿನವನ ಬಾಯಿ ಮುಚ್ಚಲು ಸಿಗರೇಟು ಸಾಕಾಗುತ್ತಿತ್ತು.

ಕಾಗದ ಬರೆಯಬಹುದಿತ್ತು. ಸಿಪಾಯಿಗೆ ತಿಂಗಳಿಗೆ ಎರಡು ಪತ್ರ, ನಾಲ್ಕು ಕಾರ್ಡು. ಜರ್ಮನರೇ ಕೊಡುವ ಅಚ್ಚಾದ ಹಾಳೆಯಲ್ಲಿ, ಗೀಟಿನ ಮೇಲೆ, ಪೆನ್ಸಿಲ್ಲಿನಿಂದ. ಎರಡೂ ಕಡೆ ಸೆನ್ಸಾರು. ಎಲ್ಲಿದ್ದೇನೆ, ಏನು ಕೆಲಸ, ಎಷ್ಟು ಹಸಿವು, ಯಾವುದನ್ನೂ ಬರೆಯುವಂತಿಲ್ಲ. ಬರೆದರೂ ಮಸಿ ಬಳಿದು ಹೋಗುತ್ತಿತ್ತು. ಹಾಗಾಗಿ ಸಾವಿರಾರು ಕಾರ್ಡುಗಳು ಒಂದೇ ಧಾಟಿಯವು: ಚೆನ್ನಾಗಿದ್ದೇನೆ, ಚಿಂತೆ ಮಾಡಬೇಡ, ಕಾಲುಚೀಲ ಕಳಿಸು. ಅದಕ್ಕೆ ಮೊದಲು ಮನೆಯವರಿಗೆ ಬಂದಿದ್ದು 'ಕಾಣೆಯಾಗಿದ್ದಾನೆ' ಎಂಬ ತಂತಿ. ಮಗ ಸತ್ತನೋ ಸೆರೆಯೋ ತಿಳಿಯದೆ ತಾಯಂದಿರು ತಿಂಗಳುಗಟ್ಟಲೆ ಕಳೆದ ಮೇಲೆ ಆ ಸಪ್ಪೆ ಕಾರ್ಡು ಬಂದಿಳಿದಾಗ ಅವರಿಗೆ ಏನಾಗಿರಬೇಕು ಎಂದು ಊಹಿಸಿಕೊಳ್ಳಿ. ಕೈದಿಗೂ ಅಷ್ಟೇ. ಹೆಂಡತಿ ಬೇರೆ ಮದುವೆಯಾಗುತ್ತೇನೆಂದು ಬರೆದ ಕಾಗದ ಬಂದರೆ, ಅದನ್ನು ಗೋಡೆಗೆ ಅಂಟಿಸಿ ಎಲ್ಲರಿಗೂ ಓದಿಸುವ ಪದ್ಧತಿ ಕೆಲವು ಶಿಬಿರಗಳಲ್ಲಿ ಬೆಳೆಯಿತು. ಒಬ್ಬನೇ ಹೊರಲಾರದ್ದನ್ನು ಹತ್ತು ಜನ ಓದಿ ಹೊರಲಿ ಎಂಬಂತೆ.

ವೈ.ಎಂ.ಸಿ.ಎ. ಸಂಸ್ಥೆ ಕೈದಿಗಳಿಗೆ ಗಟ್ಟಿ ರಟ್ಟಿನ ದಿನಚರಿ ಪುಸ್ತಕಗಳನ್ನು ಹಂಚಿತ್ತು. ಅವುಗಳಲ್ಲಿ ಗೆಳೆಯರ ವಿಳಾಸಗಳಿವೆ, ಬಣ್ಣದ ಚಿತ್ರಗಳಿವೆ, ಬಿಡುಗಡೆಯಾದ ದಿನ ಏನೇನು ತಿನ್ನಬೇಕೆಂಬ ಪಟ್ಟಿಗಳೂ ಇವೆ. ಬೆಳಿಗ್ಗೆ ಏಳಕ್ಕೆ ಇದು, ಹತ್ತಕ್ಕೆ ಇದು, ತಾಯಿ ಮಾಡುತ್ತಿದ್ದ ಪುಡಿಂಗಿಗೆ ಇಷ್ಟು ಹಿಟ್ಟು, ಇಷ್ಟು ಒಣದ್ರಾಕ್ಷಿ, ಹೀಗೆ. ಅಡುಗೆಮನೆಗೆ ಕಾಲಿಟ್ಟೇ ಇರದ ಇಪ್ಪತ್ತೊಂದರ ಹುಡುಗರು ಅಳತೆ ಸಮೇತ ಅಡುಗೆ ಬರೆದಿಟ್ಟಿದ್ದಾರೆ. ನನಗೆ ಆ ಪುಟಗಳು ಯಾವ ಯುದ್ಧವರ್ಣನೆಗಿಂತಲೂ ಹೆಚ್ಚು ಹೇಳುತ್ತವೆ.

ನೀವು ಕೇಳಿದ ನಾಟಕ, ಫುಟ್‌ಬಾಲ್ ಇದ್ದವು. ದೊಡ್ಡ ಶಿಬಿರಗಳಲ್ಲಿ ಭಾನುವಾರ ಇಂಗ್ಲೆಂಡ್–ಸ್ಕಾಟ್ಲೆಂಡ್ ಪಂದ್ಯ ನಡೆಯುತ್ತಿತ್ತು. ಮುಂದೆ ಹೆಸರಾಂತ ನಟನಾದ ಡೆನ್‌ಹೋಮ್ ಎಲಿಯಟ್ ಲಾಮ್ಸ್‌ಡಾರ್ಫಿನಲ್ಲಿ ಕೈದಿಯಾಗಿದ್ದವರು, ಅಲ್ಲಿ ನಾಟಕ ಕಟ್ಟಿದವರು. ಆಕ್ಸ್‌ಫರ್ಡಿನಿಂದ ಪಠ್ಯಪುಸ್ತಕ ತರಿಸಿಕೊಂಡು ಪರೀಕ್ಷೆ ಬರೆದವರೂ ಉಂಟು. ದುಡಿಮೆ ತಂಡದವನಿಗೆ ಇದರಲ್ಲಿ ದಕ್ಕಿದ್ದು ಅಲ್ಪ.

ಒಂದು ವಿಚಿತ್ರ ಅಧ್ಯಾಯವನ್ನು ಬಿಡಲಾರೆ. 1942ರ ಆಗಸ್ಟಿನಲ್ಲಿ ಫ್ರಾನ್ಸಿನ ಡಿಯೆಪ್ ಬಂದರಿನ ಮೇಲೆ ನಡೆದ ದಾಳಿಯಲ್ಲಿ ಜರ್ಮನ್ ಕೈದಿಗಳ ಕೈ ಕಟ್ಟಬೇಕೆಂಬ ಬ್ರಿಟಿಷ್ ಆದೇಶ ಜರ್ಮನರ ಕೈಗೆ ಸಿಕ್ಕಿತು. ಅದರ ಸೇಡಿಗೆ ಅಕ್ಟೋಬರಿನಿಂದ ಲಾಮ್ಸ್‌ಡಾರ್ಫ್ ಮೊದಲಾದ ಕಡೆ ಸಾವಿರಾರು ಕೈದಿಗಳ ಕೈ ಕಟ್ಟಿದರು. ಮೊದಲು ರೆಡ್‌ಕ್ರಾಸ್ ಪಾರ್ಸೆಲ್‌ನದೇ ದಾರದಿಂದ, ಆಮೇಲೆ ಸರಪಳಿಯ ಬೇಡಿಯಿಂದ. ಬೆಳಿಗ್ಗೆ ತೊಡಿಸಿ ರಾತ್ರಿ ಬಿಚ್ಚುವುದು, ವರ್ಷಕ್ಕೂ ಹೆಚ್ಚು ಕಾಲ. ಮೀನಿನ ಡಬ್ಬಿ ತೆರೆಯುವ ಕೀಲಿಯಿಂದ ಬೇಡಿ ಬಿಚ್ಚಬಹುದೆಂದು ಕೈದಿಗಳು ಬೇಗ ಕಂಡುಕೊಂಡರು. ಕಾವಲಿನವರು ಹೋದ ಕೂಡಲೇ ಬಿಚ್ಚಿ ಗೂಟಕ್ಕೆ ನೇತುಹಾಕಿ, ಬರುವ ಸದ್ದಾದರೆ ತೊಟ್ಟುಕೊಳ್ಳುವುದು. ಕೊನೆಕೊನೆಗೆ ಕಾವಲಿನವರೂ ನೋಡಿಯೂ ನೋಡದಂತೆ ಇದ್ದರು.

ತಪ್ಪಿಸಿಕೊಳ್ಳಲು ಸಿಪಾಯಿಗೆ ಸುರಂಗವೇ ಬೇಕಿರಲಿಲ್ಲ, ದುಡಿಮೆ ತಂಡದಿಂದ ಓಡಿಹೋಗುವುದು ಸುಲಭ. ಕಷ್ಟವಿದ್ದದ್ದು ಆಮೇಲೆ. ಸಿಲೀಸಿಯದಿಂದ ಸ್ವಿಟ್ಜರ್ಲೆಂಡ್ ಎಲ್ಲಿ, ಸ್ವೀಡನ್ನಿನ ಹಡಗು ಎಲ್ಲಿ! ಭಾಷೆ ಬಾರದು, ಕೈಯಲ್ಲಿ ಕಾಗದಪತ್ರವಿಲ್ಲ, ಎರಡು ದಿನದ ಬ್ರೆಡ್ಡು. ಸಿಕ್ಕಿಬಿದ್ದರೆ ಒಪ್ಪಂದದ ಪ್ರಕಾರ ಹೆಚ್ಚೆಂದರೆ 30 ದಿನ ಒಂಟಿ ಕೋಣೆ. ಆದರೂ ಓಡಿದವರು ಬಹಳ, ಮುಟ್ಟಿದವರು ಬೆರಳೆಣಿಕೆ. ಲಾಮ್ಸ್‌ಡಾರ್ಫಿನಲ್ಲಿ ಇನ್ನೊಂದು ಉಪಾಯ ನಡೆಯುತ್ತಿತ್ತು. ವಾಯುಪಡೆಯವರನ್ನು ಕೆಲಸಕ್ಕೆ ಹೊರಗೆ ಬಿಡುತ್ತಿರಲಿಲ್ಲ. ಓಡಿಹೋಗಬೇಕೆಂದ ವಾಯುಪಡೆಯವನು ಒಬ್ಬ ಸಿಪಾಯಿಯ ಜೊತೆ ಬಟ್ಟೆ, ಬಿಲ್ಲೆ, ಹೆಸರು ಅದಲುಬದಲು ಮಾಡಿಕೊಂಡು ದುಡಿಮೆ ತಂಡ ಸೇರುತ್ತಿದ್ದ. ಸಿಪಾಯಿ ಅವನ ಹೆಸರಿನಲ್ಲಿ ತಿಂಗಳುಗಟ್ಟಲೆ ಒಳಗೆ ಕೂರುತ್ತಿದ್ದ. ಓಡಿದವನ ಸಾಹಸ ಕಥೆಯಾಯಿತು. ಹೆಸರು ಸಾಲ ಕೊಟ್ಟು ಒಳಗೆ ಕೂತವನ ಬಗ್ಗೆ ಒಂದು ಸಾಲು ಸಿಕ್ಕರೆ ಹೆಚ್ಚು.

ಅತಿ ಕೆಟ್ಟ ದಿನಗಳು ಬಂದದ್ದು ಕೊನೆಯಲ್ಲಿ. 1945ರ ಜನವರಿಯಲ್ಲಿ ಸೋವಿಯತ್ ಸೈನ್ಯ ಹತ್ತಿರ ಬಂದಾಗ ಜರ್ಮನರು ಪೂರ್ವದ ಶಿಬಿರಗಳನ್ನು ಖಾಲಿ ಮಾಡಿ ಕೈದಿಗಳನ್ನು ಪಶ್ಚಿಮಕ್ಕೆ ನಡೆಸಿದರು. ಲಾಮ್ಸ್‌ಡಾರ್ಫಿನ ಸಾಲುಗಳು ಜನವರಿ 22ರಿಂದ ಹೊರಟವು. ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿನ ಚಳಿ, ಮೊಣಕಾಲುದ್ದ ಹಿಮ. ಹೀಗೆ ನಡೆದ ಬ್ರಿಟಿಷ್, ಅಮೆರಿಕನ್ ಮತ್ತಿತರ ಕೈದಿಗಳು 80,000ಕ್ಕೂ ಹೆಚ್ಚು. ಕೆಲವರು ಮೂರು ನಾಲ್ಕು ತಿಂಗಳು ನಡೆದರು. ರಾತ್ರಿ ಕೊಟ್ಟಿಗೆಯಲ್ಲಿ, ಅದೂ ಇಲ್ಲದಿದ್ದರೆ ಬಯಲಲ್ಲಿ. ಒದ್ದೆ ಬೂಟು ಬಿಚ್ಚಿದರೆ ಬೆಳಿಗ್ಗೆ ಕಲ್ಲಾಗಿ ಕಾಲಿಗೆ ಏರದು, ಬಿಚ್ಚದಿದ್ದರೆ ಬೆರಳು ಕೊಳೆಯುತ್ತದೆ. ಭೇದಿಯಿಂದ ಬಿದ್ದವನನ್ನು ಗೆಳೆಯರು ಎರಡೂ ಕಡೆ ತೋಳು ಕೊಟ್ಟು ನಡೆಸಿದರು. ಏಪ್ರಿಲ್ 19ರಂದು ಗ್ರೆಸ್ಸೆ ಎಂಬ ಹಳ್ಳಿಯ ಹತ್ತಿರ ಒಂದು ಸಾಲಿಗೆ ಬಹಳ ದಿನದ ಮೇಲೆ ರೆಡ್‌ಕ್ರಾಸ್ ಪಾರ್ಸೆಲ್ ಸಿಕ್ಕಿತ್ತು. ಅವರನ್ನು ಜರ್ಮನ್ ಸೈನಿಕರೆಂದು ತಿಳಿದು ಬ್ರಿಟನ್ನಿನದೇ ಟೈಫೂನ್ ವಿಮಾನಗಳು ಗುಂಡಿನ ಮಳೆಗರೆದವು. ಐದು ವರ್ಷ ಬದುಕಿ ಉಳಿದವರು ಮನೆಗೆ ಹೋಗಲು ಮೂರು ವಾರವಿರುವಾಗ ತಮ್ಮವರ ಗುಂಡಿಗೆ ಸತ್ತರು. ಇದನ್ನು ಬರೆಯುವಾಗ ಪ್ರತಿ ಸಲವೂ ನನ್ನ ಕೈ ತಡೆಯುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ಲಂಕಾಸ್ಟರ್ ಬಾಂಬರುಗಳು ಬಾಂಬಿನ ಬದಲು ಒಂದೊಂದಕ್ಕೆ ಇಪ್ಪತ್ತೈದರಷ್ಟು ಕೈದಿಗಳನ್ನು ತುಂಬಿಕೊಂಡು ಇಂಗ್ಲೆಂಡಿಗೆ ಹಾರಿದವು. ಹೀಗೆ ಸುಮಾರು 75,000 ಮಂದಿ ಊರು ಕಂಡರು. ಇಳಿದ ಕೂಡಲೇ ಮೈಗೆ ಡಿಡಿಟಿ ಪುಡಿ, ಕೈಗೆ ಟೀ ಮತ್ತು ಬನ್ನು. ಕುಗ್ಗಿದ ಹೊಟ್ಟೆ ಕನಸಿನ ಊಟವನ್ನು ತಡೆಯದೆ ವಾಂತಿ ಮಾಡಿಕೊಂಡವರು ಬಹಳ. ಹಾಸಿಗೆ ಮೆತ್ತಗಾಯಿತೆಂದು ನೆಲದ ಮೇಲೆ ಮಲಗಿದವರು, ಜೇಬಿನಲ್ಲಿ ಬ್ರೆಡ್ಡಿನ ತುಂಡಿಲ್ಲದೆ ಹೊರಗೆ ಹೊರಡಲಾರದವರು ಇದ್ದರು. ಸರ್ಕಾರ ಇವರಿಗಾಗಿ 20 ಪುನರ್ವಸತಿ ಕೇಂದ್ರಗಳನ್ನು ತೆರೆದು, ಇಷ್ಟವಿದ್ದವರು ಬರಬಹುದೆಂದಿತು. 19,000ಕ್ಕೂ ಹೆಚ್ಚು ಮಂದಿ ಹೋದರು. ಹೆಚ್ಚಿನವರು ಕೋಟು ಬದಲಿಸಿ ಕೆಲಸಕ್ಕೆ ಹೋದರು. ಗೆದ್ದ ಸೈನ್ಯದಲ್ಲಿ ತಾವು ಶರಣಾದವರು ಎಂಬ ಸಂಕೋಚ ಅವರ ಬಾಯಿ ಕಟ್ಟಿತ್ತು.

ಬಿಡುಗಡೆಯಾದಾಗ ಗುಪ್ತಚರ ವಿಭಾಗದವರು ಒಂದೊಂದು ಅಚ್ಚಿನ ಫಾರಂ ಕೊಟ್ಟು ತುಂಬಿಸಿಕೊಂಡರು. ಆ ಫಾರಂಗಳು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿವೆ. ಎಲ್ಲಿ ಸೆರೆಯಾದೆ, ಯಾವ ಯಾವ ಶಿಬಿರ, ಯಾವ ದುಡಿಮೆ ತಂಡ ಎಂಬ ಕಡೆಗೆ ಸಿಪಾಯಿ ಒತ್ತೊತ್ತಾಗಿ ಬರೆದಿದ್ದಾನೆ: ಇಷ್ಟು ತಿಂಗಳು ಗಣಿ, ಇಷ್ಟು ತಿಂಗಳು ಸಕ್ಕರೆ ಕಾರ್ಖಾನೆ, ಇಷ್ಟು ತಿಂಗಳು ರೈಲು ಹಳಿ. ಅದರ ಕೆಳಗೆ, ತಪ್ಪಿಸಿಕೊಳ್ಳಲು ಪ್ರಯತ್ನಿಸಿದೆಯಾ ಎಂದು ಕೇಳಿ ಬಹಳಷ್ಟು ಜಾಗ ಬಿಟ್ಟಿದ್ದಾರೆ. ಎಷ್ಟೋ ಫಾರಂಗಳಲ್ಲಿ ಅಲ್ಲೊಂದು ಅಡ್ಡಗೀಟು ಮಾತ್ರ ಇದೆ.